ಆಗಸ್ಟ್‌ನಲ್ಲಿ ಶ್ರೀಲಂಕಾ: ಮಕ್ಕಳ ಜೊತೆ ಕಾಡೂ ಕಡಲೂ ಎರಡೂ ಬೇಕೆಂದರೆ ಯಾವ ಕಡೆ ಹೋಗಬೇಕು?

ಆಗಸ್ಟ್‌ನಲ್ಲಿ ಹತ್ತು ದಿನ ರಜೆ, ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು, ಮಂಡಿ ನೋವಿರುವ ತಾಯಿ. ಯಾಲಾದಲ್ಲಿ ಚಿರತೆ, ಮಿರಿಸ್ಸಾದಲ್ಲಿ ತಿಮಿಂಗಿಲ, ನಡುವೆ ಕ್ಯಾಂಡಿ ಮತ್ತು ಬೆಟ್ಟದ ರೈಲು, ಕೊನೆಗೆ ದಕ್ಷಿಣದ ಬೀಚಿನಲ್ಲಿ ಆರಾಮ. ಹೀಗೆ ಪ್ಲಾನ್ ಹಾಕಿ, ಇದು ಸರಿಯಿದೆಯಾ ಅಂತ ಕೇಳಿದ್ದೀರಿ.

ಜನವರಿಯಾಗಿದ್ದರೆ ಸಣ್ಣಪುಟ್ಟ ಬದಲಾವಣೆ ಹೇಳಿ ಸುಮ್ಮನಾಗುತ್ತಿದ್ದೆ. ಆಗಸ್ಟ್ ಆದ್ದರಿಂದ ಹೇಳುತ್ತೇನೆ, ಇಡೀ ಪ್ಲಾನನ್ನೇ ದ್ವೀಪದ ಇನ್ನೊಂದು ಬದಿಗೆ ಹೊರಳಿಸಿ. ಒಳನಾಡಿನ ಹಬರಣ ಮತ್ತು ಪೂರ್ವ ಕರಾವಳಿಯ ಟ್ರಿಂಕೋಮಲಿ ಕಡೆ ಹೋಗಿ. ಮಕ್ಕಳನ್ನು ಕಟ್ಟಿಕೊಂಡು ದಕ್ಷಿಣ, ಪೂರ್ವ ಎರಡೂ ಕಡೆ ಸುತ್ತಿದವನು ನಾನು. ಆ ತಿಂಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕಾರಣ ಮಳೆ. ಶ್ರೀಲಂಕಾ ಸಣ್ಣ ದ್ವೀಪ, ಆದರೆ ಅಲ್ಲಿ ಎರಡು ಮುಂಗಾರು ಬೇರೆ ಬೇರೆ ಬದಿಗೆ ಬರುತ್ತವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಬೀಸುತ್ತದೆ. ಆಗ ದಕ್ಷಿಣದ ಗಾಲ್, ಮಿರಿಸ್ಸಾ, ಉನವಟುನ ಕಡೆಯ ಸಮುದ್ರ ಒರಟು. ಮಳೆ ಬಿಡುವು ಕೊಟ್ಟರೂ ಅಲೆ ಬಿಡುವು ಕೊಡುವುದಿಲ್ಲ. ಮಿರಿಸ್ಸಾದಲ್ಲಿ ತಿಮಿಂಗಿಲ ನೋಡುವ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ದಕ್ಷಿಣದಲ್ಲಿ ಹೀಗೆ ಮಳೆಗಾಲವಿರುವಾಗ, ಅಂದರೆ ಮೇಯಿಂದ ಸೆಪ್ಟೆಂಬರ್‌ವರೆಗೆ, ಪೂರ್ವದಲ್ಲಿ ಬಿಸಿಲು. ನಡುವಿನ ಬೆಟ್ಟಗಳು ಮಳೆಯನ್ನು ಆಚೆ ಬದಿಯಲ್ಲೇ ತಡೆಯುತ್ತವೆ, ಹಾಗಾಗಿ ಟ್ರಿಂಕೋಮಲಿ, ನಿಲಾವೆಲಿ, ಪಾಸಿಕುಡಾ ಕಡೆ ಸಮುದ್ರ ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಮಳೆ ಬಂದಾಗ ಲೆಕ್ಕ ತಿರುಗುಮುರುಗು. ಆದ್ದರಿಂದ ಮೊದಲು ತಿಂಗಳು ನೋಡಿ ಕಡಲತೀರ ಆರಿಸಿ. ಆಮೇಲೆ ಅದಕ್ಕೆ ಹತ್ತಿರದ ಕಾಡು ಆರಿಸಿ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಯಾಲಾ ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಅದರ ಪಕ್ಕದ ಬೀಚಿನಲ್ಲಿ ಕೆಂಪು ಬಾವುಟ ನೋಡುತ್ತಾ ಕೂರುತ್ತಾರೆ. ಆರು ವರ್ಷದ ಮಗುವನ್ನು ನೀರಿನ ಎದುರು ಕೂರಿಸಿ ನೀರಿಗಿಳಿಯಬೇಡ ಅನ್ನುವುದು ಇದೆಯಲ್ಲ, ಅದು ಯಾರಿಗೂ ರಜೆ ಅನ್ನಿಸುವುದಿಲ್ಲ.

ಈಗ ಕಾಡು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಬರಣದ ಹತ್ತಿರದ ಮಿನ್ನೇರಿಯಾದಲ್ಲಿ ನಡೆಯುವ ಆನೆಗಳ ಕೂಟ ಈ ದ್ವೀಪದಲ್ಲಿ ನಾನು ಕಂಡ ಅತಿ ದೊಡ್ಡ ನೋಟ. ಮಿನ್ನೇರಿಯಾ ಅಂದರೆ ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ. ಈ ಬದಿಗೆ ಆಗಸ್ಟ್ ಅಂದರೆ ಬೇಸಿಗೆ, ಆಗ ಗದ್ದೆಗಳಿಗೆ ನೀರು ಬಿಟ್ಟಂತೆ ಕೆರೆಯ ಅಂಗಳ ತೆರೆದುಕೊಳ್ಳುತ್ತದೆ. ಆ ಒದ್ದೆ ಮಣ್ಣಿನಲ್ಲಿ ಎಳೆ ಹುಲ್ಲು ಬರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ಹುಲ್ಲು, ನೀರು ಎರಡೂ ಒಂದೇ ಕಡೆ ಸಿಗುವುದರಿಂದ ಆನೆಗಳು ಗುಂಪು ಗುಂಪಾಗಿ ಬರುತ್ತವೆ. ಒಳ್ಳೆಯ ದಿನ ಇನ್ನೂರು, ಮುನ್ನೂರು ಆನೆ ಸೇರುವುದುಂಟು.

ಸಂಖ್ಯೆಗಿಂತ ಹತ್ತಿರದ ನೋಟವೇ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು. ಹುಲ್ಲು ಗಿಡ್ಡವಾಗಿದ್ದಾಗ ಆನೆ ಮುಂಗಾಲಿನ ಉಗುರಿನಿಂದ ಅದನ್ನು ಕೆರೆದು ಸಡಿಲ ಮಾಡುತ್ತದೆ. ಸೊಂಡಿಲಲ್ಲಿ ಒಂದು ಹಿಡಿ ಒಟ್ಟು ಮಾಡುತ್ತದೆ. ನೇರ ಬಾಯಿಗೆ ಹಾಕುವುದಿಲ್ಲ. ಸೊಪ್ಪಿನ ಬೇರಿನ ಮಣ್ಣನ್ನು ನಾವು ಕೊಡವುತ್ತೇವಲ್ಲ, ಹಾಗೆ ಕಾಲಿಗೆ ಎರಡು ಸಲ ಬಡಿದು, ಮಣ್ಣು ಉದುರಿದ ಮೇಲೆ ತಿನ್ನುತ್ತದೆ. ಪಕ್ಕದಲ್ಲಿ ಮರಿ ಅದನ್ನೇ ಮಾಡಲು ಹೋಗುತ್ತದೆ, ಸೊಂಡಿಲು ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ, ಹುಲ್ಲೆಲ್ಲ ಕೆಳಗೆ ಬೀಳುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ. ನಮ್ಮ ಮಕ್ಕಳು ಈ ಒಂದು ಮರಿಯನ್ನೇ ಎಷ್ಟೋ ಹೊತ್ತು ನೋಡಿದರು. ಜೀಪಿನವನಿಗೆ ಮುಂದೆ ಹೋಗು ಅಂತ ಯಾರೂ ಹೇಳಲಿಲ್ಲ. ಒಂದು ವಿಷಯ ಮಕ್ಕಳಿಗೆ ಮೊದಲೇ ಹೇಳಿಡಿ. ಇಲ್ಲಿ ಗಂಡಾನೆಗಳಲ್ಲೂ ದಂತ ಇರುವುದು ತೀರಾ ಅಪರೂಪ, ನೂರಕ್ಕೆ ಹತ್ತರಲ್ಲೂ ಇರುವುದಿಲ್ಲ. ದಂತದ ಆನೆ ಕಂಡರೆ ಅದೃಷ್ಟ.

ಒಂದು ಎಚ್ಚರಿಕೆ. ಮೊರಗಹಕಂದ ಅಣೆಕಟ್ಟಿನ ನೀರು ಈ ಕೆರೆಗಳಿಗೆ ಬರಲು ಶುರುವಾದ ಮೇಲೆ ಕೆಲವು ವರ್ಷ ಬೇಸಿಗೆಯಲ್ಲೂ ಮಿನ್ನೇರಿಯಾ ತುಂಬಿಯೇ ಇರುತ್ತದೆ. ಆಗ ಹುಲ್ಲಿನ ಅಂಗಳ ಮುಳುಗುತ್ತದೆ, ಆನೆಗಳು ಬೇರೆ ಕಡೆ ಹೋಗುತ್ತವೆ. ಹಾಗಂತ ಗಾಬರಿ ಬೇಡ. ಕೌಡುಲ್ಲಾ ಮತ್ತು ಹುರುಲು ಇಕೋ ಪಾರ್ಕ್ ಎರಡೂ ಹಬರಣದಿಂದ ಹತ್ತಿರವೇ. ಇವತ್ತು ಆನೆ ಎಲ್ಲಿವೆ ಅಂತ ಜೀಪಿನವರಿಗೆ ದಿನದಿನವೂ ಗೊತ್ತಿರುತ್ತದೆ. ಆದ್ದರಿಂದ ಮಿನ್ನೇರಿಯಾ ಅಂತಲೇ ಮುಂಗಡ ಕೊಟ್ಟು ಕಟ್ಟಿಹಾಕಿಕೊಳ್ಳಬೇಡಿ. ಹಬರಣದಲ್ಲಿ ಉಳಿದುಕೊಂಡು, ಅವತ್ತು ಮಧ್ಯಾಹ್ನ ಕೇಳಿ ತೀರ್ಮಾನಿಸಿ. ಮೂರು ಗಂಟೆ ಸುಮಾರಿಗೆ ಹೊರಟರೆ ಸಾಕು, ಬಿಸಿಲು ಇಳಿದಂತೆ ಆನೆಗಳು ಬಯಲಿಗೆ ಬರುತ್ತವೆ. ಬೆಳಿಗ್ಗೆ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸುವ ಕಷ್ಟವೂ ಇಲ್ಲ. ಶನಿವಾರ, ಭಾನುವಾರ ಮತ್ತು ಹುಣ್ಣಿಮೆಯ ರಜೆ ಬಿಟ್ಟುಬಿಡಿ. ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಗಳಿಗೂ ರಜೆ ಇರುವುದರಿಂದ ಜೀಪುಗಳ ಸಾಲೇ ಇರುತ್ತದೆ.

ಜೀಪನ್ನು ನಿಮ್ಮ ಕುಟುಂಬಕ್ಕೇ ಪೂರ್ತಿ ತೆಗೆದುಕೊಳ್ಳಿ. ಬೇರೆಯವರ ಜೊತೆ ಹಂಚಿಕೊಂಡರೆ ಮಗುವಿಗೆ ಸಾಕಾದಾಗ ವಾಪಸ್ ಬರಲು ಆಗುವುದಿಲ್ಲ. ಹತ್ತುವ ಮುಂಚೆಯೇ ಜೀಪಿನವನಿಗೆ ಎರಡು ಮಾತು ಹೇಳಿ: ಆನೆಗೆ ತೀರಾ ಹತ್ತಿರ ಹೋಗಬೇಡ, ದಾರಿಗೆ ಅಡ್ಡ ನಿಲ್ಲಿಸಬೇಡ. ಹತ್ತಿರ ಹೋದರೆ ಟಿಪ್ಸ್ ಜಾಸ್ತಿ ಸಿಗುತ್ತದೆ ಅಂತ ಕೆಲವರು ಮರಿ ಇರುವ ಗುಂಪಿನ ನಡುವೆಯೇ ನುಗ್ಗಿಸುತ್ತಾರೆ. ನಾವು ಬೇಡ ಅಂದರೆ ಅವರೂ ಖುಷಿಯಿಂದ ದೂರ ನಿಲ್ಲಿಸುತ್ತಾರೆ. ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ, ಕುಲುಕಾಟ ಅಲ್ಲೇ ಜಾಸ್ತಿ. ಧೂಳಿಗೆ ಒಂದೊಂದು ತೆಳ್ಳನೆಯ ಬಟ್ಟೆ ಇಟ್ಟುಕೊಳ್ಳಿ. ಶೌಚಾಲಯದ ಕೆಲಸ ಗೇಟಿನಲ್ಲೇ ಮುಗಿಸಿ.

ಹಬರಣದಲ್ಲಿ ಆನೆ ಸವಾರಿಗೂ ಕರೆಯುತ್ತಾರೆ. ದಯವಿಟ್ಟು ಬೇಡ. ಹಿಂದಿನ ದಿನ ಬಯಲಿನಲ್ಲಿ ಆನೆಯ ಸಂಸಾರ ನೋಡಿದ ಮಗುವಿಗೆ ಸರಪಳಿಯ ಆನೆ ಯಾಕೆ ಬೇಡ ಅಂತ ವಿವರಿಸಬೇಕಾಗಿಯೂ ಇಲ್ಲ.

ಚಿರತೆ ಬೇಕೇ ಬೇಕು ಅಂತಿದ್ದೀರಿ. ಯಾಲಾದ ಒಂದನೇ ಬ್ಲಾಕಿನಲ್ಲಿ ಚಿರತೆಗಳು ಹೆಚ್ಚು, ನಿಜ. ಜೀಪುಗಳೂ ಅಷ್ಟೇ ಹೆಚ್ಚು. ಒಂದು ಚಿರತೆ ಕಂಡಿತೆಂದು ಫೋನ್ ಹೋದರೆ ಸಾಕು, ಎಲ್ಲರೂ ಅಲ್ಲಿಗೇ ಓಡುತ್ತಾರೆ, ಮಕ್ಕಳಿಗೆ ಕಾಣುವುದು ಮುಂದಿನ ಜೀಪಿನ ಬೆನ್ನು. ನಿಮ್ಮ ದಾರಿಗೆ ವಿಲ್ಪತ್ತು ಹೊಂದುತ್ತದೆ. ಅದು ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, ಅನುರಾಧಪುರದ ಪಶ್ಚಿಮಕ್ಕಿದೆ. ಕಾಡಿನ ನಡುವೆ ವಿಲ್ಲು ಅನ್ನುವ ನೈಸರ್ಗಿಕ ಕೊಳಗಳಿವೆ, ಬೇಸಿಗೆಯಲ್ಲಿ ಪ್ರಾಣಿಗಳು ಅವುಗಳ ಸುತ್ತ ಸೇರುತ್ತವೆ. ಚಿರತೆ, ಕರಡಿ ಎರಡೂ ಇವೆ, ಗದ್ದಲ ಕಡಿಮೆ. ಆದರೆ ದಟ್ಟ ಕಾಡು. ಗಂಟೆಗಟ್ಟಲೆ ಏನೂ ಕಾಣದೆ ಕೂರಬೇಕಾಗಬಹುದು. ಹತ್ತು ವರ್ಷದವನು ಬೈನಾಕ್ಯುಲರ್ ಹಿಡಿದು ಕೂರುತ್ತಾನೆ, ಆರು ವರ್ಷದವಳು ಕೂರುವುದು ಕಷ್ಟ. ನಿಮ್ಮಲ್ಲಿ ಒಬ್ಬರು ದೊಡ್ಡವನನ್ನು ಕರೆದುಕೊಂಡು ಒಂದು ದಿನ ಹೋಗಿಬನ್ನಿ, ಉಳಿದವರು ಹೋಟೆಲಿನ ಈಜುಕೊಳದಲ್ಲಿ ಈಜಲಿ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅಂತ ಹಟ ಹಿಡಿದಾಗಲೇ ಕುಟುಂಬ ಪ್ರವಾಸ ಸುಸ್ತಾಗುವುದು.

ದೊಡ್ಡ ಬಂಡೆಯ ಮೇಲಿನ ಹಳೆಯ ಕೋಟೆ ಸಿಗಿರಿಯಾ ಹಬರಣದಿಂದ ಹತ್ತಿರ. ಸುಮಾರು 1,200 ಮೆಟ್ಟಿಲು. ಬೆಳಿಗ್ಗೆ ಬೇಗ ಹೋದರೆ ಮಕ್ಕಳು ಹತ್ತುತ್ತಾರೆ, ತಾಯಿಯವರಿಗೆ ಬೇಡ. ಅವರಿಗೆ ಹಳೆಯ ರಾಜಧಾನಿ ಪೊಲನ್ನರುವ ಇಷ್ಟವಾಗುತ್ತದೆ. ಬಹುಪಾಲು ಸಮತಟ್ಟು, ವ್ಯಾನಿನಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಹುದು, ಮರದ ನೆರಳಿದೆ. ಗಲ್ ವಿಹಾರದ ಮಲಗಿದ ಬುದ್ಧನ ಎದುರು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಅಲ್ಲಿ ಮಕ್ಕಳಿಗೆ ಮಂಗಗಳಿವೆ. ತಲೆಯ ಮೇಲೆ ಬೈತಲೆ ತೆಗೆದು ಬಾಚಿದಂಥ ಕೂದಲಿನ ಟೋಕ್ ಮಕಾಕ್ ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಪೊಲನ್ನರುವದ ಮಂಗಗಳನ್ನು ವಿಜ್ಞಾನಿಗಳು 1968ರಿಂದ ಗಮನಿಸುತ್ತಾ ಬಂದಿದ್ದಾರೆ. ಕೈಯಲ್ಲಿ ತಿಂಡಿ ಮಾತ್ರ ಹಿಡಿದಿರಬೇಡಿ.

ಆಮೇಲೆ ಕಡಲು. ಹಬರಣದಿಂದ ಟ್ರಿಂಕೋಮಲಿ ಸುಮಾರು 85 ಕಿಲೋಮೀಟರ್. ಈ ರಸ್ತೆಗೆ ಆನೆಗಳು ಬರುತ್ತವೆ, ಆದ್ದರಿಂದ ಹಗಲಲ್ಲೇ ಹೋಗಿ. ರಸ್ತೆ ಬದಿ ಆನೆ ನಿಂತಿದ್ದರೆ ಇಳಿಯಬೇಡಿ, ಬಾಳೆಹಣ್ಣು ಎಸೆಯಬೇಡಿ. ತಿಂಡಿ ಸಿಗುವ ರುಚಿ ಹತ್ತಿದ ಆನೆ ವಾಹನಗಳನ್ನು ತಡೆಯಲು ಶುರುಮಾಡುತ್ತದೆ, ಕೊನೆಗೆ ತೊಂದರೆ ಆನೆಗೇ.

ಬೀಚಿಗೆ ಪಾಸಿಕುಡಾ ಮತ್ತು ಟ್ರಿಂಕೋಮಲಿ ಪಕ್ಕದ ನಿಲಾವೆಲಿ ನಡುವೆ ಆಯ್ಕೆ ನಿಮ್ಮದು. ಪಾಸಿಕುಡಾ ಕೊಲ್ಲಿ ತುಂಬಾ ಆಳವಿಲ್ಲ, ಬಹಳ ದೂರ ನಡೆದು ಹೋದರೂ ದೊಡ್ಡವರಿಗೆ ಸೊಂಟದಷ್ಟೇ ನೀರು. ಚಿಕ್ಕವಳಿಗೆ ಈಜು ಬಾರದಿದ್ದರೆ, ನಿಮಗೆ ಬರೀ ನೀರಾಟ ಸಾಕು ಅಂದರೆ ಅಲ್ಲಿಗೇ ಹೋಗಿ. ನಾನಾದರೆ ನಿಲಾವೆಲಿ ಆರಿಸುತ್ತೇನೆ, ಯಾಕೆಂದರೆ ಎದುರಿಗೇ ಪಿಜನ್ ಐಲ್ಯಾಂಡ್ ಇದೆ. ದಡದಿಂದ ಒಂದು ಕಿಲೋಮೀಟರ್ ದೂರದ ಪುಟ್ಟ ದ್ವೀಪ, 2003ರಿಂದ ರಾಷ್ಟ್ರೀಯ ಉದ್ಯಾನ. ಸ್ನಾರ್ಕೆಲ್ ಹಾಕಿ ಮುಖ ಮುಳುಗಿಸಿದರೆ ಸಾಕು, ಹವಳದ ಮೀನುಗಳು. ರೆಕ್ಕೆ ತುದಿ ಕಪ್ಪಗಿರುವ ಸಣ್ಣ ಶಾರ್ಕ್‌ಗಳೂ ಸುಳಿಯುತ್ತವೆ, ಅವು ನಮ್ಮನ್ನು ಕಂಡರೆ ತಾವೇ ದೂರ ಹೋಗುತ್ತವೆ. ಮೊದಲ ದೋಣಿಗೇ ಹೋಗಿ, ಹೊತ್ತಾದಂತೆ ಜನ ತುಂಬುತ್ತಾರೆ. ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದೇ ಇದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತೋಳು ತುಂಬಿದ ಈಜುಬಟ್ಟೆ ಹಾಕಿಸಿ, ಬೆನ್ನು ಸುಡುವುದಿಲ್ಲ, ಹವಳಕ್ಕೂ ಒಳ್ಳೆಯದು. ಹವಳದ ಮೇಲೆ ನಿಲ್ಲಬಾರದು ಅನ್ನುವುದನ್ನು ದಡದಲ್ಲೇ ಹೇಳಿಕೊಡಿ. ಅದು ಕಲ್ಲಲ್ಲ, ಜೀವ. ಒಂದು ಕಾಲು ಇಟ್ಟರೆ ಎಷ್ಟೋ ವರ್ಷದ ಬೆಳವಣಿಗೆ ಮುರಿಯುತ್ತದೆ. ಅಲ್ಲಿ ಒಡೆದ ಹವಳದ ರಾಶಿ ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಟ್ರಿಂಕೋಮಲಿಯಲ್ಲಿ ತಿಮಿಂಗಿಲಗಳೂ ಇವೆ, ದಡಕ್ಕೆ ಹತ್ತಿರದಲ್ಲೇ ಸಮುದ್ರ ತುಂಬಾ ಆಳ. ಆಗಸ್ಟ್ ಅಂದರೆ ಸೀಸನ್ನಿನ ಕೊನೆ, ಕಾಣುವುದು ಖಾತ್ರಿಯಿಲ್ಲ. ಡಾಲ್ಫಿನ್ ಸಿಕ್ಕರೂ ಸಂತೋಷ ಅನ್ನುವ ಮನಸ್ಸಿದ್ದರೆ ಒಂದು ಬೆಳಿಗ್ಗೆ ಹೋಗಿ. ತಾಯಿಯವರಿಗೆ ಸ್ವಾಮಿ ರಾಕ್ ಮೇಲಿನ ಕೋಣೇಶ್ವರಂ ದೇವಸ್ಥಾನ ಇದೆ, ಕೆಳಗೆ ಮೂರು ಕಡೆ ಸಮುದ್ರ. ಅವರನ್ನು ಸಂಜೆ ಕರೆದುಕೊಂಡು ಹೋಗಿ, ಬಿಸಿಲಿನಲ್ಲಿ ಬರಿಗಾಲಿಗೆ ಕಲ್ಲು ಸುಡುತ್ತದೆ.

ದಿನಗಳ ಹಂಚಿಕೆ ಸುಲಭ. ಇಳಿದ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ನೆಗೊಂಬೊ, ನಾಲ್ಕು ರಾತ್ರಿ ಹಬರಣ, ನಾಲ್ಕು ರಾತ್ರಿ ನಿಲಾವೆಲಿ. ಅಷ್ಟೇ. ಕ್ಯಾಂಡಿ, ಬೆಟ್ಟದ ರೈಲು ಈ ಸಲ ಬಿಡಿ. ಜುಲೈ, ಆಗಸ್ಟ್‌ನಲ್ಲಿ ಕ್ಯಾಂಡಿಯ ದೊಡ್ಡ ಮೆರವಣಿಗೆಯ ಹಬ್ಬ ಎಸಲ ಪೆರಹರ ಬಿದ್ದರೆ ರೂಮೂ ಸಿಗುವುದಿಲ್ಲ, ರಸ್ತೆಯೂ ಸಾಗುವುದಿಲ್ಲ. ಭೂಪಟದಲ್ಲಿ ಎಲ್ಲ ಹತ್ತಿರ ಕಾಣುತ್ತದೆ, ಆದರೆ ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಗಂಟೆಗೆ ನಲವತ್ತು ಕಿಲೋಮೀಟರ್ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ನಿಲಾವೆಲಿಯಿಂದ ವಿಮಾನ ನಿಲ್ದಾಣಕ್ಕೆ ಆರೇಳು ಗಂಟೆ ಬೇಕು. ಡ್ರೈವರ್ ಸಮೇತ ವ್ಯಾನ್ ಮಾಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಸಿಗಿರಿಯಾದಲ್ಲಿ ಸಾರ್ಕ್ ದೇಶದವರ ಕಡಿಮೆ ದರ ಇದೆ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಘೋಷಿಸಿದೆ, ಆದರೆ ಡೆಂಗಿ ಇದೆ. ಹಗಲೂ ಸೊಳ್ಳೆ ಕ್ರೀಮ್ ಹಚ್ಚಿ.

ತಾಯಿಯವರು ಸಸ್ಯಾಹಾರಿ ಅಂತ ಬರೆದಿದ್ದೀರಿ. ಇಡಿಯಪ್ಪ, ಅಪ್ಪ, ಬೇಳೆಯ ಪಲ್ಯ, ಎಮ್ಮೆ ಮೊಸರಿಗೆ ಕಿತುಲ್ ಬೆಲ್ಲದ ಪಾಕ, ಊಟಕ್ಕೆ ಏನೂ ತೊಂದರೆಯಿಲ್ಲ. ಆದರೆ ತೆಂಗಿನಕಾಯಿಯ ಪೋಲ್ ಸಂಬೋಲದಲ್ಲಿ, ಕೆಲವು ತರಕಾರಿ ಪಲ್ಯಗಳಲ್ಲೂ ಉಂಬಲಕಡ ಅಂತ ಒಣಮೀನಿನ ಪುಡಿ ಹಾಕುತ್ತಾರೆ. ವೆಜ್ ಅಂದರೆ ಸಾಲದು, ಉಂಬಲಕಡ ಬೇಡ ಅಂತ ಹೆಸರು ಹಿಡಿದೇ ಹೇಳಿ.

ಒಂದು ವೇಳೆ ರಜೆ ಡಿಸೆಂಬರ್ ಕೊನೆಗೋ ಜನವರಿಗೋ ಹೋದರೆ ಆಗ ದಕ್ಷಿಣಕ್ಕೆ ಹೋಗಿ. ಅಲ್ಲೂ ಮಕ್ಕಳಿಗೆ ಯಾಲಾಗಿಂತ ಉಡವಲವೆ ವಾಸಿ. ಬಯಲು ಪ್ರದೇಶ, ವರ್ಷವಿಡೀ ಆನೆ ಕಾಣುತ್ತವೆ. ಪಕ್ಕದಲ್ಲೇ ವನ್ಯಜೀವಿ ಇಲಾಖೆ 1995ರಿಂದ ನಡೆಸುತ್ತಿರುವ ಅನಾಥ ಮರಿಯಾನೆಗಳ ಕೇಂದ್ರವಿದೆ. ಮುಟ್ಟಲು ಬಿಡುವುದಿಲ್ಲ, ಹಾಲು ಕುಡಿಸುವುದನ್ನು ದೂರದಿಂದ ನೋಡಬಹುದು. ಬೆಳೆದ ಮೇಲೆ ಆ ಮರಿಗಳನ್ನು ಕಾಡಿಗೇ ಬಿಡುತ್ತಾರೆ. ಆ ಬದಿಯ ಕರಾವಳಿಯಲ್ಲಿ ಆಮೆ ಮರಿಗಳನ್ನು ತೊಟ್ಟಿಯಲ್ಲಿಟ್ಟು ಕೈಗೆ ಕೊಡುವ ಜಾಗಗಳಿಗೆ ಹೋಗಬೇಡಿ. ಮೊಟ್ಟೆಯಿಂದ ಬಂದ ಮರಿ ತಕ್ಷಣ ಸಮುದ್ರ ಸೇರಬೇಕು, ಈಜಿ ದೂರ ಹೋಗುವ ಶಕ್ತಿ ಆ ಮೊದಲ ದಿನಗಳಲ್ಲೇ ಇರುವುದು.

ಯಾವ ದಿನ ಇಳಿಯುತ್ತೀರಿ ಅಂತ ಕಾಮೆಂಟಿನಲ್ಲಿ ಹಾಕಿ. ವಾರಾಂತ್ಯ, ಹುಣ್ಣಿಮೆ ನೋಡಿಕೊಂಡು ಯಾವ ಮಧ್ಯಾಹ್ನ ಜೀಪ್ ಇಟ್ಟುಕೊಂಡರೆ ಒಳ್ಳೆಯದು ಅಂತ ಹೇಳುತ್ತೇನೆ. ಹಬರಣದ ರೂಮುಗಳನ್ನು ಮಾತ್ರ ಈಗಲೇ ಹಿಡಿದುಬಿಡಿ.