ಓದುಗರ ಪ್ರಶ್ನೆ: ‘ಹೌ’ ಬಂದ ಮೇಲೆ ‘ಕ್ಯಾನ್’ ಎಲ್ಲಿ, ‘ಬಿ’ ಎಲ್ಲಿ?

ಪ್ರಶ್ನೆ: ಕಚೇರಿಯ ಒಂದು ಪತ್ರದಲ್ಲಿ ನಾನು ‘ಹೌ ದಿಸ್ ಪ್ರಾಬ್ಲಮ್ ಕ್ಯಾನ್ ಬಿ ಸಾಲ್ವ್ಡ್?’ ಎಂದು ಬರೆದಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ‘ಹೌ ಕ್ಯಾನ್ ದಿಸ್ ಪ್ರಾಬ್ಲಮ್ ಬಿ ಸಾಲ್ವ್ಡ್?’ ಎಂದು ತಿದ್ದಿಕೊಟ್ಟರು. ಆದರೆ ನಾನು ಬರೆದ ಕ್ರಮವನ್ನೇ ಪುಸ್ತಕಗಳ ಅಧ್ಯಾಯದ ತಲೆಬರಹಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ನನ್ನ ವಾಕ್ಯ ನಿಜಕ್ಕೂ ತಪ್ಪೇ?

ಉತ್ತರ: ನಿಮ್ಮ ಸಹೋದ್ಯೋಗಿ ಸರಿಯಾಗಿಯೇ ತಿದ್ದಿದ್ದಾರೆ, ನೀವು ತಲೆಬರಹಗಳಲ್ಲಿ ಕಂಡದ್ದೂ ತಪ್ಪಲ್ಲ. ಎರಡೂ ಹೇಗೆ ಸರಿಯಾಗುತ್ತವೆ ಎಂಬುದನ್ನು ತಿಳಿಯಬೇಕಾದರೆ ಮೊದಲು ನಮ್ಮ ಮಾತನ್ನೇ ಗಮನಿಸಬೇಕು. ‘ಈ ಸಮಸ್ಯೆಯನ್ನು ಹೇಗೆ ಬಗೆಹರಿಸಬಹುದು?’ ಎಂಬ ವಾಕ್ಯದಲ್ಲಿ ‘ಹೇಗೆ’ ಎಂಬುದನ್ನು ತೆಗೆದು ಅದೇ ಜಾಗದಲ್ಲಿ ‘ಹೀಗೆ’ ಎಂದು ಇಟ್ಟರೆ ಉತ್ತರ ಸಿದ್ಧವಾಗುತ್ತದೆ. ಉಳಿದ ಯಾವ ಪದವೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಕನ್ನಡದಲ್ಲಿ ಪ್ರಶ್ನೆಯ ಭಾರವನ್ನೆಲ್ಲ ಆ ಒಂದು ಪದವೇ ಹೊರುತ್ತದೆ. ಇಂಗ್ಲಿಷ್‌ನಲ್ಲಿ ಪ್ರಶ್ನಾವಾಚಕ ಪದವೊಂದೇ ಸಾಲದು, ವಾಕ್ಯದ ಪದಗಳ ಕ್ರಮವೂ ಪ್ರಶ್ನೆಯನ್ನು ತೋರಿಸಬೇಕು. ನೀವು ‘ಹೌ’ ಎಂಬುದನ್ನು ಮುಂದೆ ಇಟ್ಟು, ಹಿಂದಿನದನ್ನೆಲ್ಲ ಹೇಳಿಕೆಯ ಕ್ರಮದಲ್ಲೇ ಉಳಿಸಿದ್ದರಿಂದ ಪ್ರಶ್ನೆ ಅರ್ಧಕ್ಕೆ ನಿಂತಿತು.

ಇದನ್ನು ಸರಿಪಡಿಸಿಕೊಳ್ಳಲು ನಾನು ಎಲ್ಲರಿಗೂ ಹೇಳುವ ದಾರಿಯೆಂದರೆ ಪ್ರಶ್ನೆಯನ್ನು ಒಂದೇ ಏಟಿಗೆ ಕಟ್ಟಲು ಹೋಗದೆ, ಹೇಳಿಕೆಯಿಂದ ಆರಂಭಿಸುವುದು. ‘ದಿಸ್ ಪ್ರಾಬ್ಲಮ್ ಕ್ಯಾನ್ ಬಿ ಸಾಲ್ವ್ಡ್’ ಎಂಬುದು ಹೇಳಿಕೆ. ಹೌದು ಅಥವಾ ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯಾಗಿ ಅದನ್ನು ತಿರುಗಿಸಿದರೆ ‘ಕ್ಯಾನ್’ ಮಾತ್ರ ಕರ್ತೃಪದವನ್ನು ದಾಟಿ ಮುಂದೆ ಬರುತ್ತದೆ: ‘ಕ್ಯಾನ್ ದಿಸ್ ಪ್ರಾಬ್ಲಮ್ ಬಿ ಸಾಲ್ವ್ಡ್?’ ಇಲ್ಲಿಗೆ ಕಷ್ಟದ ಕೆಲಸ ಮುಗಿಯಿತು. ಇದರ ಮುಂದೆ ಹೌ, ವೇರ್, ವೆನ್, ವೈ ಇವುಗಳಲ್ಲಿ ಯಾವುದನ್ನು ಇಟ್ಟರೂ ಹಿಂದಿನ ಒಂದು ಪದವನ್ನೂ ಮುಟ್ಟಬೇಕಾಗಿಲ್ಲ.

‘ಮಾತ್ರ’ ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಸಹಾಯಕ ಕ್ರಿಯಾಪದಗಳು ಎಷ್ಟೇ ಇರಲಿ, ಕರ್ತೃಪದವನ್ನು ದಾಟುವುದು ಮೊದಲನೆಯದು ಒಂದೇ. ‘ಹೌ ಕ್ಯಾನ್ ಬಿ ದಿಸ್ ಪ್ರಾಬ್ಲಮ್ ಸಾಲ್ವ್ಡ್?’ ಎಂದು ಬರೆಯುವವರು ‘ಬಿ’ಯನ್ನೂ ಜೊತೆಗೆ ಎಳೆದು ತಂದಿರುತ್ತಾರೆ. ಈ ತಪ್ಪಿಗೆ ಒಂದು ಕಾರಣವೂ ಇದೆ: ‘ವಾಟ್ ಶುಡ್ ಬಿ ಡನ್?’ ಎಂಬ ಸರಿಯಾದ ವಾಕ್ಯದಲ್ಲಿ ‘ಶುಡ್’ ಮತ್ತು ‘ಬಿ’ ಅಕ್ಕಪಕ್ಕದಲ್ಲೇ ಕಾಣುತ್ತವೆ. ಆದರೆ ಅಲ್ಲಿ ‘ವಾಟ್’ ತಾನೇ ಕರ್ತೃಪದ. ದಾಟಲು ನಡುವೆ ಬೇರೆ ಪದವೇ ಇಲ್ಲ. ‘ಹೌ’, ‘ವೇರ್’ ಮುಂತಾದ ಕ್ರಿಯಾವಿಶೇಷಣಗಳು ಎಂದಿಗೂ ಹೀಗೆ ಕರ್ತೃಪದದ ಸ್ಥಾನದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅವುಗಳ ನಂತರ ಮೋಡಲ್ (ಕ್ಯಾನ್, ಶುಡ್, ಮಸ್ಟ್ ಮುಂತಾದ ಸಹಾಯಕ ಕ್ರಿಯಾಪದ) ಮತ್ತು ‘ಬಿ’ಗಳ ನಡುವೆ ಕರ್ತೃಪದ ಬಂದೇ ತೀರಬೇಕು. ಆಗಿಹೋದ ಘಟನೆಯ ಬಗ್ಗೆ ಕೇಳುವಾಗ ಸಹಾಯಕ ಪದಗಳು ಮೂರಾಗುತ್ತವೆ, ಆದರೂ ನಿಯಮ ಬದಲಾಗುವುದಿಲ್ಲ: ‘ಹೌ ಕುಡ್ ದಿಸ್ ಆಕ್ಸಿಡೆಂಟ್ ಹ್ಯಾವ್ ಬೀನ್ ಪ್ರಿವೆಂಟೆಡ್?’ ಎಂಬಲ್ಲಿ ‘ಕುಡ್’ ದಾಟಿತು, ‘ಹ್ಯಾವ್ ಬೀನ್’ ಹಿಂದೆಯೇ ಉಳಿಯಿತು.

ಈ ದಾಟುವಿಕೆ ಮೋಡಲ್‌ಗಳಿಗೆ ಮಾತ್ರ ಮೀಸಲಾದುದಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಪ್ರಶ್ನಾಪದದ ಬೆನ್ನಿಗೇ ಕಾಲಸೂಚಕ ಕ್ರಿಯಾಪದ, ಅದು ಯಾವುದೇ ಇರಲಿ, ಬರುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಹಾಗೆಯೇ ಇದೆ. ಇಂದಿನ ಇಂಗ್ಲಿಷ್ ಆ ಪದ್ಧತಿಯನ್ನು ಸಾಮಾನ್ಯ ಕ್ರಿಯಾಪದಗಳಲ್ಲಿ ಕೈಬಿಟ್ಟು, ಸಹಾಯಕ ಪದಗಳಲ್ಲಿ ಉಳಿಸಿಕೊಂಡಿದೆ.

ಇನ್ನು ತಲೆಬರಹದ ವಿಷಯ. ‘ಹೌ ದಿಸ್ ಪ್ರಾಬ್ಲಮ್ ಕ್ಯಾನ್ ಬಿ ಸಾಲ್ವ್ಡ್’ ಎಂಬ ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅದು ಪ್ರಶ್ನೆಯಲ್ಲ, ‘ಈ ಸಮಸ್ಯೆಯನ್ನು ಹೇಗೆ ಬಗೆಹರಿಸಬಹುದು ಎಂಬುದು’ ಎಂಬ ಅರ್ಥದ ಉಪವಾಕ್ಯ. ಕನ್ನಡಿಗರಿಗೆ ಇಲ್ಲಿ ‘ಎಂಬುದು’ ಅಥವಾ ‘ಎಂದು’ ಎಂಬ ಪದವೇ ಒಳ್ಳೆಯ ಒರೆಗಲ್ಲು. ನಿಮ್ಮ ಮಾತನ್ನು ಕನ್ನಡದಲ್ಲಿ ಹೇಳಿಕೊಂಡಾಗ ಪ್ರಶ್ನೆಯ ಭಾಗದ ಬೆನ್ನಿಗೆ ಇವು ಬಂದರೆ ಇಂಗ್ಲಿಷ್‌ನಲ್ಲಿ ಮೋಡಲ್ ದಾಟುವುದಿಲ್ಲ: ‘ಐ ಡೋಂಟ್ ನೋ ಹೌ ದಿಸ್ ಪ್ರಾಬ್ಲಮ್ ಕ್ಯಾನ್ ಬಿ ಸಾಲ್ವ್ಡ್.’ ನಿಯಮವನ್ನು ಹೊಸದಾಗಿ ಕಲಿತವರು ಇಲ್ಲಿ ಎದುರು ದಿಕ್ಕಿನ ತಪ್ಪು ಮಾಡುತ್ತಾರೆ. ‘ಕುಡ್ ಯು ಟೆಲ್ ಮಿ ವೇರ್ ಶುಡ್ ದ ಫಾರ್ಮ್ ಬಿ ಸಬ್ಮಿಟೆಡ್?’ ಎಂಬುದು ಬಹಳ ವಿನಯದಿಂದ ಬರೆದ ವಾಕ್ಯವಾದರೂ ಅದರಲ್ಲಿ ದಾಟುವಿಕೆ ಎರಡು ಬಾರಿ ನಡೆದಿದೆ. ‘ಕುಡ್ ಯು’ ಎಂಬಲ್ಲಿಗೆ ಪ್ರಶ್ನೆಯ ಕ್ರಮ ಬಂದಾಯಿತು. ಮುಂದೆ ‘ವೇರ್ ದ ಫಾರ್ಮ್ ಶುಡ್ ಬಿ ಸಬ್ಮಿಟೆಡ್’ ಎಂದೇ ಇರಬೇಕು.

ಪ್ರಶ್ನೆ: ನಾನು ‘ಹೌ ಕ್ಯಾನ್ ಇಟ್ ಬಿ ಹ್ಯಾಪನ್ಡ್?’ ಎಂದು ಹೇಳಿದಾಗ ಪದಗಳ ಕ್ರಮ ಸರಿಯಿದ್ದರೂ ವಾಕ್ಯ ತಪ್ಪು ಎಂದರು. ಕನ್ನಡದಲ್ಲಿ ನಾವು ಬಳಸುವುದೇ ಅಪರೂಪವಾದ ಕರ್ಮಣಿ ಪ್ರಯೋಗ ಇಂಗ್ಲಿಷ್ ಪ್ರಶ್ನೆಗಳಲ್ಲಿ ಯಾವಾಗ ಬೇಕು, ಯಾವಾಗ ಬೇಡ ಎಂದು ಗುರುತಿಸುವುದು ಹೇಗೆ?

ಉತ್ತರ: ಕ್ರಮ ಸರಿಯಿದೆ, ಆದರೆ ‘ಹ್ಯಾಪನ್’ ಅಕರ್ಮಕ ಕ್ರಿಯಾಪದ, ಕರ್ಮಪದವೇ ಇಲ್ಲದ ಕ್ರಿಯೆಗೆ ಕರ್ಮಣಿ ಪ್ರಯೋಗವೂ ಇಲ್ಲ. ‘ಹೌ ಕುಡ್ ಇಟ್ ಹ್ಯಾಪನ್?’ ಎಂದರೆ ಸಾಕು. ‘ವೆನ್ ವಿಲ್ ದ ಟ್ರೈನ್ ಬಿ ಅರೈವ್ಡ್?’ ಎಂಬುದೂ ಇದೇ ಬಗೆಯ ತಪ್ಪು.

ಗುರುತಿಸುವ ಬಗೆಯನ್ನು ಕೇಳಿದ್ದೀರಿ. ಆ ಕೀಲಿ ಕನ್ನಡದಲ್ಲೇ ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ, ಮತ್ತು ಅದನ್ನು ಕಲಿಸದೆ ‘ಕರ್ತರಿಯನ್ನು ಕರ್ಮಣಿಗೆ ಬದಲಿಸಿ’ ಎಂಬ ಅಭ್ಯಾಸಗಳನ್ನು ಮಾತ್ರ ಮಾಡಿಸುವುದರಿಂದಲೇ ಈ ಗೊಂದಲ ದೊಡ್ಡವರಾದ ಮೇಲೂ ಉಳಿಯುತ್ತದೆ. ‘ಅರ್ಜಿಯನ್ನು ಎಲ್ಲಿ ಕೊಡಬೇಕು?’ ಎಂದು ನಾವು ಕೇಳುತ್ತೇವೆ. ಕೊಡುವವರು ಯಾರು? ನಾನೋ, ನೀವೋ, ಯಾರಾದರೂ ಆಗಬಹುದು. ಕನ್ನಡ ಆ ಕರ್ತೃಪದವನ್ನು ಹೇಳದೆಯೇ ವಾಕ್ಯ ಮುಗಿಸುತ್ತದೆ. ‘ಅರ್ಜಿ ಎಲ್ಲಿ ಕೊಡಲ್ಪಡಬೇಕು’ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಇಂಗ್ಲಿಷ್ ವಾಕ್ಯಕ್ಕೆ ಆ ಸೌಕರ್ಯವಿಲ್ಲ. ಕರ್ತೃಪದದ ಸ್ಥಾನವನ್ನು ಅದು ಖಾಲಿ ಬಿಡುವಂತಿಲ್ಲ. ಮಾಡುವವರನ್ನು ಹೆಸರಿಸಲು ಇಷ್ಟವಿಲ್ಲದಿದ್ದರೆ ಕರ್ಮಪದವನ್ನೇ ಎತ್ತಿ ಆ ಸ್ಥಾನದಲ್ಲಿ ಕೂರಿಸುತ್ತದೆ: ‘ವೇರ್ ಶುಡ್ ದ ಅಪ್ಲಿಕೇಶನ್ ಬಿ ಸಬ್ಮಿಟೆಡ್?’ ಎಂದರೆ ಕನ್ನಡದಲ್ಲಿ ‘ಅನ್ನು’ ಪ್ರತ್ಯಯ ಹೊತ್ತ ಪದ ಯಾವುದೋ ಅದೇ ಇಂಗ್ಲಿಷ್‌ನಲ್ಲಿ ಮೋಡಲ್ ಮತ್ತು ‘ಬಿ’ಗಳ ನಡುವೆ ಕೂರುತ್ತದೆ.

ಪರೀಕ್ಷೆ ಇಷ್ಟೇ: ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಮಾಡುವವರ ಉಲ್ಲೇಖ ಇಲ್ಲದೆ ‘ಅನ್ನು’ ಬಂದರೆ ಕರ್ಮಣಿ ಪ್ರಯೋಗ ಬೇಕು. ‘ಇದು ಹೇಗೆ ಆಗಬಹುದು?’ ಎಂಬಲ್ಲಿ ‘ಅನ್ನು’ ಇಲ್ಲ, ಸೇರಿಸಲೂ ಬರುವುದಿಲ್ಲ. ಆದ್ದರಿಂದ ‘ಬಿ ಹ್ಯಾಪನ್ಡ್’ ಬರುವುದಿಲ್ಲ. ಆಡುಮಾತಿನಲ್ಲಿ ‘ಅರ್ಜಿ ಎಲ್ಲಿ ಕೊಡಬೇಕು’ ಎಂದು ಪ್ರತ್ಯಯವನ್ನು ಬಿಡುವುದುಂಟು, ಹಾಗಿರುವಾಗ ಅದನ್ನು ಸೇರಿಸಿ ನೋಡಿದರೆ ಸಂದೇಹ ತೀರುತ್ತದೆ.

ಈ ಪರೀಕ್ಷೆ ಕೈಕೊಡುವ ಒಂದು ಜಾಗವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಫಲಿತಾಂಶ ಯಾವಾಗ ಪ್ರಕಟವಾಗುತ್ತದೆ?’ ಎಂಬಲ್ಲಿ ‘ಅನ್ನು’ ಇಲ್ಲ. ಆದರೂ ಇಂಗ್ಲಿಷ್‌ನಲ್ಲಿ ‘ವೆನ್ ವಿಲ್ ದ ರಿಸಲ್ಟ್ಸ್ ಬಿ ಅನೌನ್ಸ್ಡ್?’ ಎಂದೇ ಹೇಳಬೇಕು. ಫಲಿತಾಂಶ ತಾನಾಗಿ ಪ್ರಕಟವಾಗುವುದಿಲ್ಲ, ಯಾರೋ ಪ್ರಕಟಿಸುತ್ತಾರೆ. ಹೀಗೆ ‘ಆಗು’ ಎಂದು ಮುಗಿಯುವ ಕ್ರಿಯಾಪದ ಬಂದಾಗ ಅದರ ಹಿಂದೆ ‘ಮಾಡು’ ಅಥವಾ ‘ಇಸು’ ಎಂಬ ರೂಪದ ಜೋಡಿ ಇದೆಯೇ, ಆ ಕೆಲಸಕ್ಕೆ ಒಬ್ಬ ಕರ್ತೃ ಇರಲೇಬೇಕೇ ಎಂದು ಕೇಳಿಕೊಳ್ಳಬೇಕು. ಫಲಿತಾಂಶವನ್ನು ಪ್ರಕಟಿಸಬಹುದು, ಆದರೆ ರೈಲನ್ನು ‘ಬರಿಸುವ’ ಮಾತು ನಮ್ಮಲ್ಲಿ ಇಲ್ಲ.

ಇದೇ ಪ್ರಶ್ನೆಯಲ್ಲಿ ‘ಪ್ರಕಟವಾಗಬಹುದು’ ಎಂದಿದ್ದರೆ ಅನೇಕರು ‘ವೆನ್ ಮೇ ದ ರಿಸಲ್ಟ್ಸ್ ಬಿ ಅನೌನ್ಸ್ಡ್?’ ಎಂದು ಬರೆಯುತ್ತಾರೆ. ನಮ್ಮ ‘ಬಹುದು’ ಶಕ್ಯತೆ, ಅನುಮತಿ, ಸಂಭವ ಎಲ್ಲವನ್ನೂ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ‘ಮೇ’ ನೇರ ಪ್ರಶ್ನೆಯಲ್ಲಿ ಬಂದಾಗ ಸಾಮಾನ್ಯವಾಗಿ ಅನುಮತಿಯ ಅರ್ಥವನ್ನೇ ಕೊಡುತ್ತದೆ. ಸಂಭವವನ್ನು ಕೇಳುವುದಾದರೆ ‘ವೆನ್ ಆರ್ ದ ರಿಸಲ್ಟ್ಸ್ ಲೈಕ್ಲಿ ಟು ಬಿ ಅನೌನ್ಸ್ಡ್?’ ಎಂಬುದು ಸಹಜ.

ಪ್ರಶ್ನೆ: ‘ವೈ ಹ್ಯಾವ್ ಟು ದ ಫೀ ಬಿ ಪೇಯ್ಡ್?’ ಎಂಬುದು ಏಕೆ ತಪ್ಪು? ‘ಹ್ಯಾವ್ ಟು’ ಎಂದರೂ ‘ಮಸ್ಟ್’ ಎಂದರೂ ‘ಬೇಕು’ ಎಂದೇ ಅಲ್ಲವೇ? ಹಾಗೆಯೇ ‘ವೈ ಕ್ಯಾನ್ ನಾಟ್ ದಿಸ್ ಬಿ ಡನ್?’ ಎಂಬುದು ಸರಿಯೇ?

ಉತ್ತರ: ಅರ್ಥ ಒಂದೇ, ಜಾತಿ ಬೇರೆ. ‘ಮಸ್ಟ್’, ‘ಶುಡ್’, ‘ಕ್ಯಾನ್’ ಮುಂತಾದ ಮೋಡಲ್‌ಗಳು ಕಾಲಕ್ಕೋ ಪುರುಷಕ್ಕೋ ತಕ್ಕಂತೆ ‘ಎಸ್’ ಅಥವಾ ‘ಇಂಗ್’ ಸೇರಿಸಿಕೊಳ್ಳುವುದಿಲ್ಲ, ತಾವೇ ಕರ್ತೃಪದವನ್ನು ದಾಟಬಲ್ಲವು. ‘ಹ್ಯಾವ್ ಟು’ ಸಾಮಾನ್ಯ ಕ್ರಿಯಾಪದದಂತೆ ನಡೆದುಕೊಳ್ಳುವುದರಿಂದ ಅದರ ಪರವಾಗಿ ದಾಟಲು ‘ಡು’ ಬೇಕು: ‘ವೈ ಡಸ್ ದ ಫೀ ಹ್ಯಾವ್ ಟು ಬಿ ಪೇಯ್ಡ್?’ ‘ನೀಡ್ ಟು’ ಕೂಡ ಹೀಗೆಯೇ: ‘ವೆನ್ ಡಸ್ ದ ಫೀ ನೀಡ್ ಟು ಬಿ ಪೇಯ್ಡ್?’

ಎರಡನೆಯದರಲ್ಲಿ ‘ನಾಟ್’ ಇರುವ ಜಾಗ ಸರಿಯಿಲ್ಲ. ಬಿಡಿಸಿ ಬರೆದಾಗ ಅದು ಕರ್ತೃಪದದ ಹಿಂದೆ ಉಳಿಯಬೇಕು: ‘ವೈ ಕ್ಯಾನ್ ದಿಸ್ ನಾಟ್ ಬಿ ಡನ್?’ ಕೂಡಿಸಿ ಹೇಳಿದಾಗ ಮೋಡಲ್‌ಗೆ ಅಂಟಿಕೊಂಡು ಜೊತೆಯಲ್ಲೇ ದಾಟುತ್ತದೆ: ‘ವೈ ಕಾಂಟ್ ದಿಸ್ ಬಿ ಡನ್?’ ಮಾತಿನಲ್ಲಿ ಎರಡನೆಯದನ್ನೂ ಔಪಚಾರಿಕ ಪತ್ರದಲ್ಲಿ ಮೊದಲನೆಯದನ್ನೂ ಬಳಸಿ. ‘ಏಕೆ’ ಎಂಬುದಕ್ಕೆ ‘ಹೌ ಕಮ್’ ಎಂದು ಆಡುವುದನ್ನು ನೀವು ಕೇಳಿರಬಹುದು. ಅದರ ನಂತರ ಮಾತ್ರ ಯಾವುದೂ ದಾಟುವುದಿಲ್ಲ, ‘ಹೌ ಕಮ್ ದಿಸ್ ಕಾಂಟ್ ಬಿ ಡನ್?’ ಎಂದೇ ಸರಿ.