ಮೋಡದ ಲೆಕ್ಕ ಬಿಟ್ಟು ಸಾಲದ ಲೆಕ್ಕಕ್ಕೆ

ಆಪ್ತಸಲಹೆಗೆ ಅಂತ ನನ್ನ ಬಳಿ ಬಂದ ಒಬ್ಬರ ಪ್ರಕರಣ ಇದು, ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಇಡುವುದಿಲ್ಲ, "ಅವರು" ಅಂತಲೇ ಇರಲಿ.

ಅವರಿಗೆ 43 ವರ್ಷ. ಮುಂಗಾರು ಮಳೆಯ ಮೇಲೆ ಸಂಶೋಧನೆ ಮಾಡುವವರು. ಪಿಎಚ್‌ಡಿ ಮುಗಿಸಿ, ಹೊರದೇಶದಲ್ಲಿ ಎರಡು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡಿ, ಬೆಂಗಳೂರಿಗೆ ಬಂದು 9 ವರ್ಷ ಆಯ್ತು, ಆದರೆ ಖಾಯಂ ಹುದ್ದೆ ಮಾತ್ರ ಸಿಗಲಿಲ್ಲ. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು. ಪ್ರತಿ ಮಾರ್ಚಿನಲ್ಲೂ ಮುಂದುವರಿಸುತ್ತಾರೋ ಇಲ್ಲವೋ ಅನ್ನುವ ಚಿಂತೆ. ಹೆಂಡತಿ ಸರ್ಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ 16 ವರ್ಷದಿಂದ ಇದ್ದಾರೆ. ಮಗಳು 9ನೇ ಕ್ಲಾಸು. ಮನೆ ಸಾಲದ ಕಂತು ತಿಂಗಳಿಗೆ 41 ಸಾವಿರ.

ಮೊದಲ ದಿನ ಒಂದು ಫೈಲ್ ಹಿಡಿದುಕೊಂಡು ಬಂದರು. ಅದರಲ್ಲಿ 14 ಪುಟದ ಸಿವಿ ಇತ್ತು. ಫೈನಾನ್ಸ್ ಕಲಿಸುವ ಆನ್‌ಲೈನ್ ಕೋರ್ಸೊಂದರ ಕರಪತ್ರ ಇತ್ತು, ಫೀಸು 6 ಲಕ್ಷ, ಸೇರಲು ಶುಕ್ರವಾರ ಕೊನೆಯ ದಿನ. "ಮೇಡಂ, ಸೇರಲಾ ಬೇಡವಾ, ಅಷ್ಟು ಹೇಳಿ ಸಾಕು" ಅಂದರು.

ಅರ್ಧ ಗಂಟೆ ನಾನೂ ಆ ಕರಪತ್ರವನ್ನೇ ತಿರುವಿ ಹಾಕುತ್ತಾ ಕುಳಿತೆ. ಅದು ನನ್ನ ತಪ್ಪು. ಆಮೇಲೆ ನಿದ್ದೆ ಹೇಗಿದೆ ಅಂತ ಕೇಳಿದೆ. ಎರಡು ತಿಂಗಳಿಂದ ಬೆಳಗಿನ ಜಾವ 3 ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ, ಎದೆ ಬಿಗಿಯುತ್ತೆ ಅಂದರು. ಎರಡು ತಿಂಗಳ ಹಿಂದೆ ಏನಾಯ್ತು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಒಂದು ಕಡೆ ಅಧ್ಯಾಪಕರ ಹುದ್ದೆಗೆ ಸಂದರ್ಶನ ಇತ್ತು. ಸಮಿತಿಯಲ್ಲಿದ್ದ, ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರೊಬ್ಬರು, "ಇನ್ನೂ ಅರ್ಜಿ ಹಾಕ್ತಾನೇ ಇದ್ದೀರಾ?" ಅಂದರಂತೆ. ಉಳಿದವರು ನಕ್ಕರಂತೆ. ಅದೇ ರಾತ್ರಿ ಮನೆಗೆ ಬಂದು ಈ ಕೋರ್ಸು ಹುಡುಕಿದ್ದು.

ಇಂಥ ಹೊತ್ತಿನಲ್ಲಿ ನಾನು ಒಂದು ಪ್ರಶ್ನೆಯನ್ನು ನೇರವಾಗಿ ಕೇಳುತ್ತೇನೆ, ಅವರಿಗೂ ಕೇಳಿದೆ: ಬದುಕೇ ಬೇಡ ಅನಿಸಿದೆಯಾ? ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಎದೆ ಬಿಗಿತಕ್ಕೆ ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಬಿಪಿ ಜಾಸ್ತಿ ಇತ್ತು, ಔಷಧಿ ಶುರುವಾಯ್ತು. ಕೋರ್ಸಿನ ಬಗ್ಗೆ ಹೇಳಿದ್ದು ಇಷ್ಟೇ: ಶುಕ್ರವಾರ ಹೋಗಲಿ ಬಿಡಿ. ಸಂಶೋಧನೆ ಬಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಆದರೆ ಅವಮಾನದ ಉರಿಯಲ್ಲಿ 6 ಲಕ್ಷ ಕಟ್ಟಬೇಡಿ.

ಎರಡನೇ ಸಲ ಬಂದಾಗ ಜಿಮ್ ಸೈಮನ್ಸ್ ಮಾತು ತೆಗೆದರು. ಗಣಿತದ ಪ್ರೊಫೆಸರ್, 1978ರಲ್ಲಿ 40ನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಬಿಟ್ಟು ಹಣದ ಮಾರುಕಟ್ಟೆಗೆ ಇಳಿದವರು, ಆಮೇಲೆ ರೆನೈಸಾನ್ಸ್ ಟೆಕ್ನಾಲಜೀಸ್ ಅನ್ನುವ ಹೂಡಿಕೆ ಕಂಪನಿ ಕಟ್ಟಿದವರು. ಇಮ್ಯಾನುಯೆಲ್ ಡರ್ಮನ್ ಕೂಡ ಭೌತವಿಜ್ಞಾನಿ, 1985ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್ ಸೇರುವಾಗ ಅವರಿಗೂ 40 ಆಗಿತ್ತು. "ಅವರಿಗೆ ಆಗಿದ್ದು ನನಗೆ ಯಾಕೆ ಆಗಲ್ಲ ಮೇಡಂ?" ನಾನು ಫೈನಾನ್ಸ್ ಓದಿದವಳಲ್ಲ, ಆದರೂ ಇವರಿಗೋಸ್ಕರ ಸ್ವಲ್ಪ ಓದಿಕೊಂಡು ಕೂತಿದ್ದೆ. ಸೈಮನ್ಸ್ ಹೊರಡುವ ಮೊದಲು ಹತ್ತು ವರ್ಷ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದರು, 1976ರಲ್ಲಿ ರೇಖಾಗಣಿತದ ದೊಡ್ಡ ಬಹುಮಾನವೂ ಬಂದಿತ್ತು. ಯಾರೂ ಅವರಿಗೆ ಬಾಗಿಲು ಹಾಕಿರಲಿಲ್ಲ. ನಿಮ್ಮ ಕತೆಗೆ ಹತ್ತಿರ ಇರುವವರು ಬೇರೆ ಅಂದೆ. 1993ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಟೆಕ್ಸಾಸಿನಲ್ಲಿ ಕಟ್ಟುತ್ತಿದ್ದ ಭಾರಿ ಕಣ ವೇಗವರ್ಧಕದ (ಭೌತವಿಜ್ಞಾನದ ಪ್ರಯೋಗಕ್ಕೆ ಕಣಗಳನ್ನು ಅತಿ ವೇಗದಲ್ಲಿ ಓಡಿಸುವ ಯಂತ್ರ) ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿತು. ಸುಮಾರು 200 ಕೋಟಿ ಡಾಲರ್ ಖರ್ಚಾಗಿತ್ತು. ಅಲ್ಲಿದ್ದ ಎಷ್ಟೋ ಭೌತವಿಜ್ಞಾನಿಗಳು ವಾಲ್‌ಸ್ಟ್ರೀಟಿಗೆ, ಅಂದರೆ ನ್ಯೂಯಾರ್ಕಿನ ಹಣಕಾಸು ಕಂಪನಿಗಳಿಗೆ, ಹೋದರು. ಅವರು ಹೋಗಿದ್ದು ಸೋತು ಅಲ್ಲ, ಇಷ್ಟಪಟ್ಟೂ ಅಲ್ಲ, ಕೆಲಸ ಮಾಡುವ ಜಾಗವೇ ಮುಚ್ಚಿಹೋಯಿತು. ಇದನ್ನು ಕೇಳಿ ಅವರ ಕಣ್ಣು ತುಂಬಿತು. ನಾನು ಬೇರೇನೂ ಹೇಳಲಿಲ್ಲ, ಅತ್ತು ಮುಗಿಸಲಿ ಅಂತ ಕಾದೆ.

ಆ ದಿನ ಒಂದು ಕೆಲಸ ಕೊಟ್ಟೆ. ಬಿಟ್ಟು ಹೋದರೆ ಯಾವುದು ತುಂಬಾ ನೆನಪಾಗುತ್ತೆ, ಬರೆದುಕೊಂಡು ಬನ್ನಿ ಅಂದೆ. ಮೂರೇ ಸಾಲು ಬರೆದು ತಂದರು. ಜೂನ್ ತಿಂಗಳ ಬೆಳಿಗ್ಗೆ ಉಪಗ್ರಹದ ಚಿತ್ರ ತೆರೆದು ಅರಬ್ಬಿ ಸಮುದ್ರದ ಮೇಲಿನ ಮೋಡ ನೋಡುವುದು. ತನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಮೂರನೆಯದು, ಬೇರೆಯವರ ಪ್ರಬಂಧ ಪರಿಶೀಲಿಸಿ ಎಲ್ಲಿ ತಪ್ಪಿದೆ ಅಂತ ಹಿಡಿಯುವುದು. ಈ ಮೂರನೇ ಸಾಲನ್ನು ನಾನು ಗುರುತು ಹಾಕಿಟ್ಟುಕೊಂಡೆ.

ಅಲ್ಲಿಯವರೆಗೆ ಅವರು ಹೆಂಡತಿಯ ಬಗ್ಗೆ ಮಾತಾಡಿದ್ದೆಲ್ಲ ಮನೆ ಖರ್ಚಿನ ಲೆಕ್ಕದಲ್ಲಿ ಮಾತ್ರ. ನಾನು ಕೇಳಿದೆ: ನಿಮ್ಮ ಮನೆಯಲ್ಲೇ ಒಬ್ಬರು 16 ವರ್ಷದಿಂದ ಸಾಲದ ಫೈಲು ನೋಡುತ್ತಿದ್ದಾರೆ, ಅವರನ್ನು ಏನಾದರೂ ಕೇಳಿದ್ದೀರಾ? "ಅವಳದ್ದು ಬ್ರಾಂಚ್ ಕೆಲಸ ಮೇಡಂ, ನಾನು ನೋಡ್ತಿರೋದು ಮಾಡೆಲಿಂಗ್" ಅಂದರು. ಹೇಳಿ ಮುಗಿಸುವಾಗಲೇ ಅವರ ಮುಖ ಸಣ್ಣದಾಯಿತು. ಈ ವಾರ ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ, ಒಂದು ಸಾಲ ಹೇಗೆ ಹಾಳಾಗುತ್ತೆ ಅಂತ ಅವರಿಂದ ಕೇಳಿ ತಿಳಿದುಕೊಳ್ಳಿ, ನಡುವೆ ಬಾಯಿ ಹಾಕಬೇಡಿ ಅಂದೆ.

ಮುಂದಿನ ಸಲ ಬಂದ ಮನುಷ್ಯನೇ ಬೇರೆ. ಫೈಲ್ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಲೆಕ್ಕ, ಅದಕ್ಕೂ ಮೊದಲು 30 ದಿನ, 60 ದಿನ ಅಂತ ಎಚ್ಚರಿಕೆಯ ಮೆಟ್ಟಿಲುಗಳಿವೆ. ಬೆಳೆಸಾಲಕ್ಕೆ ಈ 90 ದಿನದ ಲೆಕ್ಕ ಇಲ್ಲ, ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು ನೋಡುತ್ತಾರೆ. ಇದನ್ನೆಲ್ಲ ನನಗೇ ಪಾಠ ಮಾಡಿದರು! ಹೆಂಡತಿ ಇನ್ನೊಂದು ಮಾತು ಹೇಳಿದ್ದರಂತೆ. ಕೆಲವು ಸಲ ಸುಸ್ತಿ ಆಗುವ ಹೊತ್ತಿಗೆ ಹೊಸ ಸಾಲ ಮಂಜೂರಾಗಿ ಹಳೆಯದು ತೀರಿದ ಹಾಗೆ ಆಗುತ್ತೆ, ರೈತನ ಕೈಗೆ ಒಂದು ರೂಪಾಯಿ ಹೋಗದಿದ್ದರೂ ಪುಸ್ತಕದಲ್ಲಿ ಅದು ಒಳ್ಳೆಯ ಸಾಲ. "ಮೇಡಂ, ಇದು ನಮ್ಮ ಮಳೆ ಮಾಪಕದ ಕತೆಯೇ! ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ 1901ರಿಂದ ಇದೆ, ಆದರೆ ಮಾಪಕಗಳ ಸಂಖ್ಯೆ ವರ್ಷ ವರ್ಷ ಒಂದೇ ಇಲ್ಲ. ಅಂಕಿ ತೆಗೆದುಕೊಳ್ಳುವ ಮೊದಲು ಅದು ಎಲ್ಲಿಂದ ಬಂತು ಅಂತ ಕೇಳಬೇಕು." ಎರಡೂವರೆ ತಿಂಗಳಲ್ಲಿ ಅವರ ದನಿ ಏರಿದ್ದು ಅದೇ ಮೊದಲು.

ಆಗ ಆ ಮೂರನೇ ಸಾಲು ತೆಗೆದು ಮುಂದಿಟ್ಟೆ. ತಪ್ಪು ಹಿಡಿಯುವುದು ಇಷ್ಟ ಅಂತ ಬರೆದಿದ್ದೀರಲ್ಲ, ಬ್ಯಾಂಕಿನಲ್ಲಿ ಅಂಥ ಕೆಲಸ ಇದೆಯಾ, ವಿಚಾರಿಸಿ. ಇತ್ತು. ಮಾಡೆಲ್ ವ್ಯಾಲಿಡೇಶನ್ ಅನ್ನುತ್ತಾರೆ. ಸಾಲ ಯಾರು ತೀರಿಸುವುದಿಲ್ಲ, ಎಷ್ಟು ನಷ್ಟ ಆಗಬಹುದು ಅಂತ ಒಂದು ತಂಡ ಮಾಡೆಲ್ ಕಟ್ಟಿದರೆ, ಅದನ್ನು ಕಟ್ಟದೇ ಇರುವ ಇನ್ನೊಂದು ತಂಡ ಪರೀಕ್ಷೆ ಮಾಡಬೇಕು. ಅಮೆರಿಕದ ಫೆಡರಲ್ ರಿಸರ್ವ್ 2011ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಹೊರದೇಶದ ಬ್ಯಾಂಕುಗಳ ಇಂಥ ತಂಡಗಳು ಬೆಂಗಳೂರಿನಲ್ಲೇ ಕೂತು ಕೆಲಸ ಮಾಡುತ್ತವೆ. ಟ್ರೇಡಿಂಗ್ ಕಡೆಗೆ, ಅಂದರೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಕೆಲಸಕ್ಕೆ, ಹೋಗುವ ಆಸೆ ಬಿಡಿ ಅಂತ ನಾನು ಖಡಾಖಂಡಿತವಾಗಿ ಹೇಳಿದೆ. 43ರಲ್ಲಿ, ರಕ್ತದೊತ್ತಡ ಇಟ್ಟುಕೊಂಡು, ದಿನದ ಲಾಭ ನಷ್ಟದ ಮೇಲೆ ನಿಂತ ಕೆಲಸ ಇವರಿಗೆ ಒಗ್ಗುವುದಿಲ್ಲ ಅಂತ ನನ್ನ ಅಭಿಪ್ರಾಯ.

ನಂತರ ಕೊಟ್ಟ ಸಲಹೆಗಳೆಲ್ಲ ಸರಳ. ದೊಡ್ಡ ಕೋರ್ಸು ಬೇಡ, ಎಫ್‌ಆರ್‌ಎಂ (ಹಣಕಾಸಿನ ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಸರ್ಟಿಫಿಕೇಟ್) ಪರೀಕ್ಷೆಯ ಮೊದಲ ಭಾಗ ಕಟ್ಟಿ. 4 ಗಂಟೆ, 100 ಪ್ರಶ್ನೆ, ಗಣಿತ ನಿಮಗೆ ಕಷ್ಟವಲ್ಲ, ಬ್ಯಾಂಕಿನ ಭಾಷೆ ಬಂದರೆ ಸಾಕು. 14 ಪುಟದ ಸಿವಿಯನ್ನು 2 ಪುಟಕ್ಕೆ ಇಳಿಸಿ. ಇದಕ್ಕೆ ಮೂರು ವಾರ ಹಿಡಿಯಿತು, ಒಂದೊಂದು ಪ್ರಬಂಧ ತೆಗೆಯುವಾಗಲೂ ಅವರಿಗೆ ಸಂಕಟ. ಪ್ರಬಂಧಗಳ ಪಟ್ಟಿಯನ್ನು ಬೇರೆ ಫೈಲಿನಲ್ಲಿ ಹಾಗೇ ಇಟ್ಟುಕೊಳ್ಳಿ, ಅದು ನಿಮ್ಮದೇ, ಯಾರೂ ಕಿತ್ತುಕೊಳ್ಳುವುದಿಲ್ಲ ಅಂದೆ. ಕೈಯಲ್ಲಿ 8 ತಿಂಗಳ ಖರ್ಚು ಮತ್ತು ಕಂತಿನ ದುಡ್ಡು ಇರುವವರೆಗೆ ರಾಜೀನಾಮೆ ಬೇಡ. ಸಂಶೋಧನೆ ಯಾಕೆ ಬಿಡುತ್ತಿದ್ದೀರಿ ಅಂತ ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ, ಅದಕ್ಕೆ ಯಾರನ್ನೂ ದೂರದೆ ಎರಡು ಮೂರು ವಾಕ್ಯದಲ್ಲಿ ಉತ್ತರ ಹೇಳುವುದನ್ನು ನನ್ನ ಮುಂದೆಯೇ ಅಭ್ಯಾಸ ಮಾಡಿದರು. ಮೊದಲ ನಾಲ್ಕು ಸಲ ಆ ಸಮಿತಿಯವರ ಮಾತು ನುಸುಳಿಕೊಂಡೇ ಬಂತು.

ತಂಡದ ಮುಖ್ಯಸ್ಥರು 31 ವರ್ಷದವರಾಗಿರಬಹುದು, ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, "ಡಾಕ್ಟರ್", "ಸರ್" ಯಾವುದೂ ಇರುವುದಿಲ್ಲ. ಇದಕ್ಕೆ ಮನಸ್ಸು ಒಪ್ಪುತ್ತಾ ಅಂತ ಕೇಳಿದೆ. "ಹೆಸರಿಗೆ ಸರ್ ಅಂದು, ಮಾರ್ಚಿಗೆ ಮನೆಗೆ ಹೋಗಿ ಅನ್ನೋದಕ್ಕಿಂತ ಇದೇ ವಾಸಿ" ಅಂದರು.

ಏಳು ತಿಂಗಳು ಹಿಡಿಯಿತು. ಐದು ಕಡೆ ಬೇಡ ಅಂದರು, ಆರನೆಯದು ಆಯಿತು. ಆದರೆ ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಮಲೆನಾಡಿನ ಊರೊಂದರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಮಗನ ಬಗ್ಗೆ ಪೇಪರಿನಲ್ಲಿ ಬಂದ ಎರಡು ತುಣುಕುಗಳನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಾರೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಫೋನಿನಲ್ಲಿ ಹೇಳಬೇಡಿ, ಊರಿಗೆ ಹೋಗಿ ಎದುರು ಕೂತು ಹೇಳಿ ಅಂದೆ. ಹೋದರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಆ ಹುಡುಗಿಯ ಪಿಎಚ್‌ಡಿ ಗತಿ ಏನೋ? ಅವಳನ್ನು ನಡುನೀರಲ್ಲಿ ಕೈಬಿಡಬೇಡ" ಅಂದರಂತೆ. ಅಷ್ಟೇ. ಕೆಲಸ ಬಿಟ್ಟಿದ್ದರ ಬಗ್ಗೆ ಒಂದು ಮಾತೂ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ತುಂಬಾ ಹೊತ್ತು ನಿದ್ದೆ ಬಂತು ಅಂದರು, ಅದನ್ನು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು.

ಈಗ ಶನಿವಾರ ಬೆಳಿಗ್ಗೆ ಎರಡು ಗಂಟೆ ಆ ವಿದ್ಯಾರ್ಥಿನಿಯ ಜೊತೆ ಕೂರುತ್ತಾರೆ. ಹಳೆಯ ಸಂಸ್ಥೆಯವರು ಸಹ-ಮಾರ್ಗದರ್ಶಕರಾಗಿ ಇವರ ಹೆಸರು ಉಳಿಸಿದ್ದಾರೆ. ಮುಂದಿನ ಭೇಟಿಯನ್ನು ಜೂನ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇವೆ. ಕೇರಳಕ್ಕೆ ಮುಂಗಾರು ಬರುವ ಹೊತ್ತು ಅದು, ಅವರು ಲ್ಯಾಬಿನ ಹೊರಗೆ ನಿಂತು ನೋಡುವ ಮೊದಲ ಮುಂಗಾರು. ಆ ವಾರ ಕಷ್ಟ ಆಗಬಹುದು ಅಂತ ಈಗಲೇ ಹೇಳಿದ್ದೇನೆ. ಬೆಳಿಗ್ಗೆ ಎದ್ದು ಉಪಗ್ರಹದ ಚಿತ್ರ ನೋಡಿ, ಆದರೆ ಒಬ್ಬರೇ ನೋಡಬೇಡಿ, ಮಗಳನ್ನೋ ಹೆಂಡತಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದಿದ್ದೇನೆ.