58ರಲ್ಲಿ ಬಿಲ್ಲು ಹಿಡಿಯಬಹುದೇ?
ಪೆನ್ಸಿಲ್ವೇನಿಯಾದಲ್ಲಿ 58ನೇ ವಯಸ್ಸಿಗೆ ಬಿಲ್ಲು ಹಿಡಿದು ಜಿಂಕೆ ಬೇಟೆ ಶುರು ಮಾಡಬಹುದೇ, ಭುಜ ನೋವಿದೆ, ಅಂಗಡಿಯವರು 60 ಪೌಂಡ್ ಸೆಳೆತದ (ಎಳೆಯಲು ಅಷ್ಟು ಬಲ ಬೇಕಾದ) ಬಿಲ್ಲು ತೋರಿಸುತ್ತಿದ್ದಾರೆ ಎಂದು ಕೇಳಿದ್ದೀರಿ. ಧಾರಾಳವಾಗಿ ಶುರು ಮಾಡಿ, ಅಂಗಡಿಯವರ ಮಾತು ಮಾತ್ರ ಬಿಡಿ. ಇಲ್ಲಿನ ಕಾನೂನು ಕೇಳುವುದು ಕನಿಷ್ಠ 35 ಪೌಂಡ್. 45 ಪೌಂಡ್ ಸೆಳೆತದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು), ತುಸು ಭಾರದ ಬಾಣ, ಹರಿತವಾದ ಸ್ಥಿರ ಅಲಗಿನ ಮೊನೆ ಇದ್ದರೆ 20 ಗಜದೊಳಗಿನ ಬಿಳಿಬಾಲದ ಜಿಂಕೆಗೆ ಸಾಕು. ಪೂರ್ತಿ ಎಳೆದ ಮೇಲೆ ಗಾಲಿಗಳೇ ಭಾರದ ಹೆಚ್ಚು ಪಾಲು ಹೊರುತ್ತವೆ. ಆದರೆ ಅಲ್ಲಿಯವರೆಗೆ ಭುಜಕ್ಕೆ ವಿನಾಯಿತಿ ಇಲ್ಲ. ಕುರ್ಚಿಯಲ್ಲಿ ಕುಳಿತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರವಾಗಿ ಎಳೆದು ನೋಡಿ. ಆಗದಿದ್ದರೆ ಸೆಳೆತ ಇಳಿಸಿ. ಅದೂ ಆಗದಿದ್ದರೆ ಬಂದೂಕಿನಂತೆ ಹಿಡಿದು ಹಾರಿಸುವ ಕ್ರಾಸ್‌ಬೋ ಇದೆ, ಬಿಲ್ಲಿನ ಋತುವಿನಲ್ಲೇ ಅದಕ್ಕೂ ಅನುಮತಿ ಇದೆ. ಅದನ್ನು ಕೀಳೆನ್ನುವವರ ಭುಜ ಇನ್ನೂ ಸವೆದಿಲ್ಲ, ಅಷ್ಟೆ.

ಮೊದಲ ಬಾರಿ ಸಾಮಾನ್ಯ ಪರವಾನಗಿ ಪಡೆಯಲು ಬೇಟೆ ತರಬೇತಿ ಮುಗಿಸಿರಬೇಕು. ನನಗೆ ನಿಜವಾದ ಭಯ ಜಿಂಕೆಗೆ ಕಾದು ಕೂರುವ ಮರದ ಮೇಲಿನ ಅಟ್ಟಣಿಗೆಯದು. ಹತ್ತುವುದೇ ಆದರೆ ನೆಲ ಬಿಟ್ಟ ಕ್ಷಣದಿಂದ ಇಳಿಯುವವರೆಗೆ ಸುರಕ್ಷಾ ಪಟ್ಟಿ ಬಿಗಿದಿರಲಿ. ನನ್ನ ಕೇಳಿದರೆ, ಮೊದಲ ವರ್ಷ ನೆಲದ ಮರೆಗುಡಾರವೇ ಒಳ್ಳೆಯದು. ಬಾಣ ತಗುಲಿದ ಮೇಲೆ ಜಿಂಕೆಯ ಬೆನ್ನು ಹತ್ತದೆ ಅರ್ಧ ಗಂಟೆ ಕದಲಬೇಡಿ. ಹೊಟ್ಟೆಗೆ ತಗುಲಿದ ಅನುಮಾನವಿದ್ದರೆ ಹಲವು ಗಂಟೆ.